ಹಿತ್ತಲಲ್ಲಿ ನೀರಾಟ: ಎರಡು ಕೊಡ ನೀರು, ಮೂರು ದಂಬೆ, ಒಂದು ಪಿವಿಸಿ ಪೈಪು

ಬೇಸಿಗೆ ರಜೆ ಬಂತೆಂದರೆ ಗಾಳಿ ತುಂಬುವ ಟಬ್ಬು ತರುವುದು ಈಗಿನ ರೂಢಿ. 5 ಅಡಿ ಅಗಲದ ದುಂಡು ಟಬ್ಬಿಗೆ ಒಂದಡಿ ನೀರು ನಿಲ್ಲಿಸಬೇಕಾದರೆ ಸುಮಾರು 550 ಲೀಟರ್ ಬೇಕು. 15 ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ಎಣಿಸಿದರೆ ಮೂವತ್ತೇಳು ಕೊಡ. ಅಷ್ಟು ತುಂಬಿಸಿಕೊಟ್ಟರೂ ಮಕ್ಕಳು ಸ್ವಲ್ಪ ಹೊತ್ತು ಕುಣಿದು, ಆಮೇಲೆ ಚೊಂಬು ಹಿಡಿದು ನೀರನ್ನು ಹೊರಗೆ ಚೆಲ್ಲಲು ಶುರುಮಾಡುತ್ತಾರೆ. ಚೆಲ್ಲುವುದು, ಸುರಿಯುವುದು, ಅಡ್ಡಗಟ್ಟುವುದು, ಬೇರೆ ದಿಕ್ಕಿಗೆ ತಿರುಗಿಸುವುದು, ಇದೇ ಅವರಿಗೆ ಬೇಕಾದ ಆಟ. ನಿಂತ ನೀರಿಗೆ ಆ ಗುಣವಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಹರಿಯುವ ನೀರಿನ ಆಟ. ನೀರು ಕಡಿಮೆ ಸಾಕು, ಮುಳುಗುವ ಭಯ ಕಡಿಮೆ, ಸೊಳ್ಳೆಗೂ ಜಾಗವಿಲ್ಲ.

ನೀರಿನ ಮಾತು ಬಂದಿದ್ದರಿಂದ ಒಂದು ವಿಷಯ. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದು, ಕೈತೋಟಕ್ಕೆ ಬಿಡುವುದು, ಮನರಂಜನೆಗೆ ಬಳಸುವುದನ್ನೆಲ್ಲ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನಿಮ್ಮ ಊರಲ್ಲಿ ಅಂಥ ಆದೇಶ ಇರುವಾಗ ಪೈಪಿನ ಕಾರಂಜಿಯ ಆಸೆ ಬಿಡಿ. ದಂಬೆಯ, ಅಂದರೆ ಸೀಳಿದ ಅಡಿಕೆ ಮರದ ನೀರುಗಾಲುವೆಯ, ಸಾಲು ಆಗಲೂ ನಡೆಯುತ್ತದೆ. ಅದಕ್ಕೆ ಎರಡು ಕೊಡ ನೀರು ಸಾಕು, ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದಿಟ್ಟುಕೊಂಡರೂ ಆದೀತು.

ಜಾಗ, ಹೊತ್ತು

ಮೊದಲು ನೋಡಬೇಕಾದ್ದು ನೆರಳು, ಎರಡನೆಯದು ಇಳಿಜಾರು. ಮಾವು, ಹಲಸು, ಸೀಬೆ ಯಾವುದರ ನೆರಳಾದರೂ ಸರಿ. ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಕಾಯಿ, ಗರಿ ಬೀಳುವುದಕ್ಕೆ ಹೊತ್ತುಗೊತ್ತಿಲ್ಲ. ಮರವಿಲ್ಲದ ಕಡೆ 50 ಶೇಕಡದ ಹಸಿರು ನೆರಳುಪರದೆ ಕಟ್ಟಿಕೊಳ್ಳಿ. ಆಟದ ಜಾಗ ತೆಂಗು, ಬಾಳೆಯ ಪಾತಿಗಿಂತ ಸ್ವಲ್ಪ ಎತ್ತರದಲ್ಲಿದ್ದು, ಅಲ್ಲಿಂದ ಪಾತಿಗೆ ಒಂದು ಗೇಣಗಲದ ಕಾಲುವೆ ತೋಡಿಟ್ಟರೆ ಚೆಲ್ಲಿದ ಒಂದು ಹನಿಯೂ ದಂಡವಲ್ಲ.

ಸಿಮೆಂಟು ನೆಲ ಚೊಕ್ಕಟ ಎನಿಸಿದರೂ ಅದರ ಮೇಲಿನ ಒಣಗಿದ ಪಾಚಿ ನೀರು ಬಿದ್ದ ಐದು ನಿಮಿಷದಲ್ಲೇ ಜೀವ ತಳೆದು ಜಾರುತ್ತದೆ. ಹಿಂದಿನ ದಿನವೇ ತೆಂಗಿನ ಕಡ್ಡಿ ಪೊರಕೆ, ಒರಟು ಬ್ರಷ್ಷಿನಿಂದ ಉಜ್ಜಿ ತೊಳೆದಿಡಿ. ಕಡಪ ಕಲ್ಲು, ನಯವಾದ ಟೈಲ್ಸ್ ಇರುವ ಅಂಗಳದಲ್ಲಿ ಓಡುವ ಆಟ ಬೇಡ. ಕೆಮ್ಮಣ್ಣಿನ ನೆಲವೇ ವಾಸಿ. ಕೆಸರಾಗುತ್ತದೆ, ಆಗಲಿ.

ಹೊತ್ತು: ಬೆಳಿಗ್ಗೆ 10ರೊಳಗೆ ಅಥವಾ ಸಂಜೆ 4ರ ನಂತರ. ಬಿಸಿಲಲ್ಲಿ ಬಿದ್ದಿದ್ದ ಹೋಸ್ ಪೈಪಿನೊಳಗೆ ಉಳಿದ ನೀರು ಮೈ ಸುಡುವಷ್ಟು ಕಾದಿರುತ್ತದೆ. ತಾರಸಿಯ ಮೇಲಿನ ಕಪ್ಪು ಟ್ಯಾಂಕಿನದೂ ಅದೇ ಕತೆ. ಮೊದಲ ನೀರನ್ನು ಗಿಡದ ಕಡೆಗೆ ಬಿಟ್ಟು, ಮೊಣಕೈ ಒಡ್ಡಿ ನೋಡಿ, ಆಮೇಲೆ ಮಕ್ಕಳ ಕೈಗೆ ಕೊಡಬೇಕು.

ದಂಬೆಯ ಸಾಲು

ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ನಾರುತಿರುಳು ಕೆತ್ತಿ ತೆಗೆದರೆ ದಂಬೆ. ಮಲೆನಾಡಿನ ಮನೆಗಳಿಗೆ ಗುಡ್ಡದ ಅಬ್ಬಿ ನೀರು ಬರುತ್ತಿದ್ದುದು ಇದರಲ್ಲೇ. ನಾಲ್ಕು ಅಡಿ ಉದ್ದದ, ಅಂದರೆ 1.2 ಮೀಟರಿನ, ಮೂರು ತುಂಡು ಬೇಕು. ಅಡಿಕೆ ಸೀಮೆಯವರಲ್ಲದಿದ್ದರೆ 3 ಇಂಚಿನ ಪಿವಿಸಿ ಪೈಪನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಎರಡು ಸೀಳು ಮಾಡಿ. 8 ಅಡಿ ಪೈಪಿನಿಂದ ಅಂಥ ನಾಲ್ಕು ದಂಬೆ ಸಿಗುತ್ತವೆ, ಒಂದು ಹೆಚ್ಚಿಗೆ ಉಳಿಯುತ್ತದೆ. ಸೀಳಿದ ಬಿದಿರಾದರೆ ಒಳಗಿನ ಗಂಟುಗಳನ್ನು ಉಳಿಯಿಂದ ತಟ್ಟಿ ತೆಗೆಯಬೇಕು.

ಯಾವುದೇ ಆಗಲಿ, ಅಂಚು ಮುಖ್ಯ. ಅಡಿಕೆ ಮತ್ತು ಬಿದಿರಿನ ಸಿಬಿರು ಮಗುವಿನ ಬೆರಳಿಗೆ ಹೊಕ್ಕರೆ ತೆಗೆಯುವುದು ಸುಲಭವಲ್ಲ. ಸೀಳಿದ ಪಿವಿಸಿಯ ಅಂಚು ಬ್ಲೇಡಿನ ಹಾಗಿರುತ್ತದೆ. ಮರಳು ಕಾಗದದಿಂದ ಉಜ್ಜಿ, ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡೂ ಅಂಚಿಗೆ ಮಡಿಚಿ ಕೂರಿಸಿದರೆ ನಿಶ್ಚಿಂತೆ. ದಂಬೆಯಲ್ಲಿ ಬಿರುಕಿದ್ದರೆ ಒಣಗಿರುವಾಗಲೇ ಎಂ-ಸೀಲ್ ತುಂಬಿ ಒಂದು ದಿನ ಬಿಡಿ.

ಆನಿಸಲು ಕವಲಿರುವ ಗೂಟಗಳು, ಪ್ರತಿ ದಂಬೆಗೆ ಎರಡು. ಒಂದಡಿ ಆಳಕ್ಕೆ ಹುಗಿಯಬೇಕು; ಮಕ್ಕಳು ಇದರ ಮೇಲೆ ಭಾರ ಬಿಟ್ಟು ನಿಲ್ಲದೆ ಇರುವುದಿಲ್ಲ. ಎತ್ತರ ಹೀಗಿರಲಿ: ಮೊದಲನೆಯ ದಂಬೆಯ ತಲೆ ನೆಲದಿಂದ 70 ಸೆಂ.ಮೀ., ಬಾಲ 64. ಎರಡನೆಯದರ ತಲೆ 54, ಬಾಲ 48. ಮೂರನೆಯದು 38ರಿಂದ 32. ಮೀಟರಿಗೆ 5 ಸೆಂ.ಮೀ. ಇಳಿಜಾರು, ದಂಬೆಯಿಂದ ದಂಬೆಗೆ 10 ಸೆಂ.ಮೀ. ಜಿಗಿತ. 70 ಎಂಬುದು ನಾಲ್ಕೈದು ವರ್ಷದ ಮಗುವಿನ ಎದೆಮಟ್ಟ. ಭುಜಕ್ಕಿಂತ ಎತ್ತರವಿಟ್ಟರೆ ಚೊಂಬಿನ ನೀರು ದಂಬೆಗಿಂತ ಮೊದಲು ಮುಖದ ಮೇಲೆ ಬೀಳುತ್ತದೆ. ಸಾಲನ್ನು ನೇರವಾಗಿ ಹಾಕುವುದಕ್ಕಿಂತ ಅಂಕುಡೊಂಕಾಗಿ ಹಾಕುವುದು ಒಳ್ಳೆಯದು. ಜಾಗ ಕಡಿಮೆ ಸಾಕು, ಮೂರು ಮಕ್ಕಳಿಗೆ ಮೂರು ಕೂಡುದಾರಿ ಸಿಕ್ಕುತ್ತದೆ, ಜಗಳ ಕಡಿಮೆ.

ಇಲ್ಲಿ ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಒಂದು, ಮೇಲಿನ ದಂಬೆಯ ನೀರು ಕೆಳಗಿನದರ ತಲೆಯ ಅಂಚಿಗೇ ಬೀಳುವಂತೆ ಇಡುವುದು. ಆಗ ಅರ್ಧ ನೀರು ಹಿಂದಕ್ಕೆ ಚೆಲ್ಲುತ್ತದೆ. ನೀರು ಕನಿಷ್ಠ 10 ಸೆಂ.ಮೀ. ಒಳಗೆ ಬೀಳಬೇಕು, ತಲೆಯ ಬಾಯಿಯನ್ನು ಜೇಡಿಮಣ್ಣಿನಿಂದಲೋ ಅಡಿಕೆ ಹಾಳೆಯ ತುಂಡಿಗೆ ಎಂ-ಸೀಲ್ ಮೆತ್ತಿಯೋ ಮುಚ್ಚಿರಬೇಕು. ಇನ್ನೊಂದು ಕಣ್ಣಿಗೆ ಬೇಗ ಬೀಳದ್ದು: ನೀರು ಸಣ್ಣಗೆ ಹರಿಯುವಾಗ ಬಾಲದಿಂದ ಕೆಳಗೆ ಬೀಳದೆ, ದಂಬೆಯ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಓಡಿ ಗೂಟದ ಬುಡದಲ್ಲಿ ಸೋರುತ್ತದೆ. ಕಾಫಿ ಬಗ್ಗಿಸುವಾಗ ಲೋಟದ ಹೊರಮೈಗೆ ಇಳಿಯುವುದಿಲ್ಲವೇ, ಅದೇ. ಬಾಲಕ್ಕೆ ಕೊಕ್ಕಿನಂತೆ ಮೂರು ಸೆಂ.ಮೀ. ಮುಂಚಾಚುವ ಬಾಳೆಎಲೆಯ ತುಂಡೋ ಪ್ಲಾಸ್ಟಿಕ್ ಬಾಟಲಿಯ ಪಟ್ಟಿಯೋ ಸಿಕ್ಕಿಸಿದರೆ ನೀರು ಕಡಿದು ಬೀಳುತ್ತದೆ.

ಕೊನೆಯ ಬಾಲದ ಕೆಳಗೆ ಒಂದು ಬೋಗುಣಿ ಇಡಿ, ಮೇಲಿನ ತಲೆಯ ಹತ್ತಿರ ಒಂದು ಬಕೆಟ್. ನೀರನ್ನು ಕೆಳಗಿನಿಂದ ಮೇಲಕ್ಕೆ ಹೊರುವುದು ಮಕ್ಕಳ ಕೆಲಸ. ಪಂಪು ಬೇಡವೇ ಬೇಡ. ಏರ್ ಕೂಲರಿನ ಪುಟ್ಟ ಪಂಪು ಇಟ್ಟರೆ ತಾನಾಗಿ ಸುತ್ತುತ್ತದಲ್ಲ ಎಂಬ ಉಪಾಯ ಹಲವರಿಗೆ ಹೊಳೆಯುತ್ತದೆ. ಅದು 230 ವೋಲ್ಟಿನ ಯಂತ್ರ, ಅದರ ನೀರಿನಲ್ಲಿ ಮಕ್ಕಳ ಕೈ ಇರಕೂಡದು. 25 ಲೀಟರಿನಿಂದ ಶುರುಮಾಡಿ, ಚೆಲ್ಲಿಹೋದಷ್ಟು ಆಗಾಗ ಸೇರಿಸುತ್ತಿದ್ದರೆ ಆಯಿತು.

ಆಟಕ್ಕೆ ಜೀವ ಬರುವುದು ತಡೆಗಳಿಂದ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ದಂಬೆಯ ಒಳಬಾಗಿಗೆ ಸರಿಯಾಗಿ ಅರ್ಧಚಂದ್ರಾಕಾರ ಕತ್ತರಿಸಿ. ಒಂದೆರಡು ಮಿ.ಮೀ. ದೊಡ್ಡದೇ ಇರಲಿ, ಒತ್ತಿ ಕೂರಿಸಿದರೆ ಬಿಗಿಯಾಗುತ್ತದೆ. ಇದೇ ತೂಬು. ಮುಚ್ಚಿ ನೀರು ಕಟ್ಟಬಹುದು, ಕಿತ್ತು ಒಮ್ಮೆಲೇ ಬಿಡಬಹುದು. ಒಂದಕ್ಕೆ ನಡುವೆ ತೂತು ಮಾಡಿಕೊಡಿ, ಇನ್ನೊಂದನ್ನು ಅರ್ಧ ಎತ್ತರಕ್ಕೆ ಕತ್ತರಿಸಿಕೊಡಿ. ಕಟ್ಟೆ ತುಂಬಿ ಕೋಡಿ ಹರಿಯುವುದು ಏನೆಂದು ವಿವರಿಸುವ ಅಗತ್ಯವೇ ಇರುವುದಿಲ್ಲ.

ದೋಣಿ ಬಿಡುವುದಾದರೆ ಈ ಇಳಿಜಾರು ಹೆಚ್ಚಾಯಿತು, ಕಾಗದದ ದೋಣಿ ಮಗುಚುತ್ತದೆ. ಒಂದು ದಂಬೆಯನ್ನು ಮೀಟರಿಗೆ 1 ಸೆಂ.ಮೀ. ಇಳಿಜಾರಿಗೆ ತಂದು, ಬಾಲದಲ್ಲಿ ಅರ್ಧ ತೂಬು ಕೂರಿಸಿ 3 ಸೆಂ.ಮೀ. ನೀರು ನಿಲ್ಲಿಸಿ. ಕಾಗದದ ಅಡಿಗೆ ಮೇಣದಬತ್ತಿ ಉಜ್ಜಿದರೆ ಬೇಗ ನೆನೆಯುವುದಿಲ್ಲ.

ನೀರಿನ ಚಕ್ರ

ಮೂರನೆಯ ದಂಬೆಯ ಬಾಲದಿಂದ ಬೋಗುಣಿಗೆ ಇರುವ ಜಾಗ ಚಕ್ರಕ್ಕೆ. ಡಬ್ಬದ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ, 12ರಿಂದ 15 ಸೆಂ.ಮೀ. ಅಗಲದ್ದು, ಎರಡು ಬೇಕು. ಎರಡರ ನಡುವೆ ಎಂಟು ಔಷಧಿ ಅಳತೆ ಲೋಟಗಳನ್ನು ಸಮಾನ ಅಂತರದಲ್ಲಿ, ಎಲ್ಲದರ ಬಾಯಿ ಒಂದೇ ದಿಕ್ಕಿಗೆ ಬರುವಂತೆ ಎಂ-ಸೀಲ್‌ನಿಂದ ಕೂರಿಸಿ. ಅಚ್ಚು ಸೈಕಲ್ಲಿನ ಕಡ್ಡಿ. ಅದರ ಮೇಲೆ ಚಕ್ರವನ್ನು ನೇರವಾಗಿ ಕೂರಿಸಿದರೆ ತೂತು ಸವೆದು ಓಲಾಡುತ್ತದೆ. ಖಾಲಿ ಪೆನ್ನಿನ ಕೊಳವೆಯನ್ನು ಮುಚ್ಚಳಗಳ ನಡುವಿನಿಂದ ಹಾಯಿಸಿ ಅಂಟಿಸಿ, ಕಡ್ಡಿ ಅದರೊಳಗೆ ಸಡಿಲವಾಗಿ ತಿರುಗಲಿ. ಕಡ್ಡಿಯ ಎರಡು ತುದಿಗೂ ರಬ್ಬರಿನ ತುಂಡು ಚುಚ್ಚಿ, ಕಣ್ಣಿಗೆ ತಾಗಿದರೆ ಕಷ್ಟ.

ಚಕ್ರ ತಿರುಗದಿದ್ದರೆ ಕಾರಣ ಹೆಚ್ಚಾಗಿ ಒಂದೇ: ನೀರು ಅಚ್ಚಿನ ನೇರಕ್ಕೆ ಬೀಳುತ್ತಿದೆ. ಅಂಚಿನ ಲೋಟದೊಳಕ್ಕೆ ಬೀಳುವಂತೆ ಎರಡು ಬೆರಳು ಪಕ್ಕಕ್ಕೆ ಸರಿಸಿ. ಒಂದೇ ಕಡೆ ಭಾರವಾಗಿ ನಿಲ್ಲುತ್ತಿದ್ದರೆ ಎಂ-ಸೀಲ್ ಹೆಚ್ಚು ಕಡಿಮೆ ಮೆತ್ತಿದೆ ಎಂದರ್ಥ. ಹಗುರಾದ ಕಡೆ ಒಂದು ಉಂಡೆ ಸೇರಿಸಿ.

ಪೈಪಿನ ಕಾರಂಜಿ

ಇದು ನೀರು ಹೆಚ್ಚು ಬೇಡುವ ಆಟ, ನೆಂಟರ ಮಕ್ಕಳೆಲ್ಲ ಸೇರಿದ ದಿನಕ್ಕಿರಲಿ. ಅರ್ಧ ಇಂಚಿನ ಬಿಳಿ ಯುಪಿವಿಸಿ ಪೈಪು 3 ಮೀಟರಿನ ಒಂದು ಉದ್ದ, ನಾಲ್ಕು ಎಲ್ಬೋ, ಒಂದು ಟೀ, ಒಂದು ಎಫ್‌ಟಿಎ (ಒಳಗೆ ತಿರುಪು ಇರುವ ಜೋಡಣೆ), ಅದಕ್ಕೆ ತಿರುಗಿಸುವ ಹೋಸ್ ನಿಪ್ಪಲ್, ಒಂದು ಕ್ಲಿಪ್. ಪ್ಲಂಬಿಂಗ್ ಸಾಮಾನಿನ ಯಾವ ಅಂಗಡಿಯಲ್ಲೂ ಇದೇ ಹೆಸರಿಗೆ ಸಿಗುತ್ತವೆ. ಪೈಪನ್ನು 72 ಸೆಂ.ಮೀ.ನ ಮೂರು, 35 ಸೆಂ.ಮೀ.ನ ಎರಡು ತುಂಡು ಮಾಡಿ. ಉಳಿಯುವ ಗೇಣಿಗಿಂತ ಚಿಕ್ಕ ತುಂಡು ಟೀ ಮತ್ತು ಎಫ್‌ಟಿಎ ನಡುವೆ ಬರುತ್ತದೆ. ಎರಡು ಚಿಕ್ಕ ತುಂಡು, ನಡುವೆ ಟೀ, ಹೀಗೆ ನಾಲ್ಕನೆಯ ಬದಿ ಸರಿಯಾಗಿ 72ರ ಹತ್ತಿರ ಕೂಡಿ ಚೌಕವಾಗುತ್ತದೆ.

ಜೋಡಿಸುವ ಮೊದಲೇ ತೂತು ಕೊರೆಯಿರಿ. 1.5 ಮಿ.ಮೀ. ಡ್ರಿಲ್ ಬಿಟ್‌ನಿಂದ, 12 ಸೆಂ.ಮೀ.ಗೆ ಒಂದು, ಪ್ರತಿ ಬದಿಗೆ ಐದು. ಟೀ ಇರುವ ಬದಿಯಲ್ಲಿ ನಡುವಿನದು ತಪ್ಪುವುದರಿಂದ ನಾಲ್ಕು. ಒಟ್ಟು 19. ದುಂಡು ಪೈಪಿನ ಮೇಲೆ ಡ್ರಿಲ್ ಬಿಟ್ ಜಾರುತ್ತದೆ, ಕೈವಾರದ ಮೊನೆಯಿಂದ ಮೊದಲು ಗುಳಿ ಮಾಡಿಕೊಳ್ಳಿ. ಒಂದು ಕಡೆಯ ಗೋಡೆ ಮಾತ್ರ ತೂತಾಗಬೇಕು. ಕೊರೆದ ಪುಡಿ ಒಳಗೇ ಉಳಿದರೆ ನೀರು ಬಿಟ್ಟ ಕೂಡಲೇ ಅರ್ಧ ತೂತು ಕಟ್ಟಿಕೊಳ್ಳುತ್ತವೆ. ಬಟ್ಟೆ ಸುತ್ತಿದ ಕಡ್ಡಿ ಆಡಿಸಿ ತೊಳೆದು ಜೋಡಿಸಿ. ತೂತಿನ ಸಾಲು ನೆಟ್ಟಗೆ ಮೇಲಕ್ಕಿರದೆ ಒಳಕ್ಕೆ ಸ್ವಲ್ಪ ವಾಲಿದರೆ ನೀರು ಚೌಕದೊಳಗೇ ಬೀಳುತ್ತದೆ.

ತೂತು ದೊಡ್ಡದಿದ್ದರೆ ನೀರು ಚೆನ್ನಾಗಿ ಚಿಮ್ಮುತ್ತದೆ ಎಂಬುದು ತಪ್ಪು ಲೆಕ್ಕ. ಒಂದಂತಸ್ತಿನ ಮನೆಯ ಟ್ಯಾಂಕಿನ ನೀರಿನ ಮಟ್ಟ ಅಂಗಳದಿಂದ ಸುಮಾರು 4 ಮೀಟರ್ ಮೇಲಿರುತ್ತದೆ, ಒತ್ತಡ 0.4 ಬಾರ್, ಅಷ್ಟೇ. 1.5 ಮಿ.ಮೀ.ನ 19 ತೂತುಗಳ ಒಟ್ಟು ಬಾಯಿ ಪೈಪಿನ ಬಾಯಿಯ ಐದನೇ ಒಂದು ಭಾಗ, ಹಾಗಾಗಿ ಒತ್ತಡ ಉಳಿಯುತ್ತದೆ. 3 ಮಿ.ಮೀ. ಮಾಡಿದರೆ ಬಾಯಿ ನಾಲ್ಕು ಪಟ್ಟಾಗಿ, ಮೊದಲ ಬದಿಯಲ್ಲಿ ಒಸರಿ, ಎದುರು ಬದಿಗೆ ನೀರೇ ಮುಟ್ಟುವುದಿಲ್ಲ. ಅಂಥ ಪೈಪು ಮಾಡಿಟ್ಟುಕೊಂಡಿದ್ದರೆ ಒಂದು ಬಿಟ್ಟು ಒಂದು ತೂತಿಗೆ ಎಂ-ಸೀಲ್ ಹಚ್ಚಿ.

ಟ್ಯಾಂಕಿನ ನೀರಿಗೆ ಸಾಲ್ವೆಂಟ್ (ಪೈಪಿನ ಅಂಟು) ಬೇಡ, ಒತ್ತಿ ಕೂರಿಸಿದರೆ ಸಾಕು. ಸಣ್ಣಗೆ ಸೋರಿದರೂ ಅದು ನೀರಾಟವೇ. ಬಿಚ್ಚಿ ತೊಳೆಯಲೂ ಅನುಕೂಲ. ಮೋಟಾರಿನಿಂದ ನೇರ ಬಿಡುವ ಅಭ್ಯಾಸವಿದ್ದರೆ ಎಲ್ಬೋಗಳು ಹಾರಿ ಬರುತ್ತವೆ. ಅದನ್ನು ಮಾಡಲೇಬೇಡಿ.

ಖರ್ಚು ನಿಮಿಷಕ್ಕೆ 8ರಿಂದ 10 ಲೀಟರ್ ಆದೀತು. ನಲ್ಲಿಯನ್ನು ಪೂರ್ತಿ ತಿರುಗಿಸದೆ, ನೀರು ಮಕ್ಕಳ ಮೊಣಕಾಲಿಗೆ ಬರುವಷ್ಟು ಬಿಟ್ಟು 15 ನಿಮಿಷ ಆಡಿಸಿದರೆ ಏಳೆಂಟು ಕೊಡದಲ್ಲಿ ಮುಗಿಯುತ್ತದೆ. ಬೋರ್‌ವೆಲ್ ಗಡಸು ನೀರಾದರೆ ಕೆಲವು ವಾರಗಳಲ್ಲಿ ತೂತುಗಳ ಬಾಯಿಗೆ ಬಿಳಿ ಉಪ್ಪು ಕಟ್ಟುತ್ತದೆ. ನಿಂಬೆರಸವೋ ವಿನಿಗರೋ ಹಚ್ಚಿ ಒಂದು ಗಂಟೆ ಬಿಟ್ಟು ಸೂಜಿ ಆಡಿಸಿ.

ಡ್ರಿಲ್ ಇಲ್ಲದವರಿಗೆ ಎರಡು ಲೀಟರಿನ ತಂಪುಪಾನೀಯದ ಬಾಟಲಿ ಇದೆ. ಕಾಸಿದ ದಬ್ಬಳದಿಂದ ಕೆಳಗಿನ ಅರ್ಧಕ್ಕೆ ಇಪ್ಪತ್ತೈದು ತೂತು ಚುಚ್ಚಿ, ಹೋಸ್ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಾಟಲಿಯ ಬಾಯಿ ಬಿಗಿಯಾಗುವವರೆಗೆ ಸುತ್ತಿ ತುರುಕಿ, ಸೀಬೆ ಕೊಂಬೆಗೆ ತಲೆಕೆಳಗಾಗದಂತೆ ಕಟ್ಟಿ. ಭಾರ ಹಗ್ಗದ ಮೇಲಿರಲಿ, ಹೋಸ್ ಮೇಲೆ ಬೇಡ.

ಇನ್ನಷ್ಟು ಚಿಲ್ಲರೆ ಆಟ

ಪಾತ್ರೆ ಉಜ್ಜುವ ಹೊಸ ಸ್ಪಂಜು ಎರಡು ತಂದು, ಹಸಿರು ಒರಟು ಪದರ ಕಿತ್ತು, ಒಂದೊಂದನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿ. ಎಂಟನ್ನೂ ಜೋಡಿಸಿ ನಡುವೆ ನೈಲಾನ್ ದಾರದಿಂದ ಬಿಗಿದರೆ ಚೆಂಡಾಗುತ್ತದೆ. ನೀರಿನ ಬಲೂನಿಗಿಂತ ಎಷ್ಟೋ ಮೇಲು. ಒಡೆದ ಬಲೂನಿನ ಚೂರು ಕೂಸುಗಳ ಗಂಟಲಿಗೂ ಕೋಳಿ, ಕರುಗಳ ಹೊಟ್ಟೆಗೂ ಅಪಾಯ.

ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪು ಎರಡು ಮೀಟರ್ ಇದ್ದರೆ ಮೆಟ್ಟಿಲ ಮೇಲಿನ ಬಕೆಟ್ಟಿನಿಂದ ಕೆಳಗಿನದಕ್ಕೆ ನೀರು ತಾನಾಗಿ ಏರಿ ಇಳಿಯುವುದನ್ನು ತೋರಿಸಬಹುದು. ಬಾಯಿಂದ ಎಳೆಯುವುದು ಬೇಡ. ಇಡೀ ಪೈಪನ್ನು ಮೇಲಿನ ಬಕೆಟ್ಟಿನಲ್ಲಿ ಮುಳುಗಿಸಿ ಗಾಳಿ ಹೋಗಲಾಡಿಸಿ, ಒಂದು ತುದಿಗೆ ಹೆಬ್ಬೆರಳು ಒತ್ತಿ ಕೆಳಗೆ ತಂದು ಬಿಡಬೇಕು. ನಡುವೆ ಗಾಳಿಗುಳ್ಳೆ ಉಳಿದರೆ ಹರಿಯುವುದಿಲ್ಲ.

ದೊಡ್ಡ ಮಕ್ಕಳಿದ್ದರೆ ಒಂದು ಪಂಥ ಕಟ್ಟಿ. ಬಾಟಲಿಯ ನೀರಿನ ಎತ್ತರದ ಕಾಲು, ಅರ್ಧ, ಮುಕ್ಕಾಲು ಭಾಗದಲ್ಲಿ ಒಂದೇ ಗಾತ್ರದ ಮೂರು ತೂತು ಮಾಡಿ, ನೆಲದ ಮೇಲಿಟ್ಟು, ಮೇಲಿನಿಂದ ಸುರಿಯುತ್ತ ಮಟ್ಟ ಕಾಯ್ದುಕೊಳ್ಳಿ. ಕೆಳಗಿನ ತೂತಿನ ನೀರೇ ದೂರ ಬೀಳುತ್ತದೆ ಎಂದು ಎಲ್ಲರೂ ಪಂಥ ಕಟ್ಟುತ್ತಾರೆ, ಎಷ್ಟೋ ಪುಸ್ತಕದ ಚಿತ್ರಗಳೂ ಹಾಗೇ ಇವೆ. ಗೆಲ್ಲುವುದು ನಡುವಿನದು, ಮೇಲಿನದೂ ಕೆಳಗಿನದೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬೀಳುತ್ತವೆ. ಬಾಟಲಿಯನ್ನು ಎತ್ತರದ ಸ್ಟೂಲಿನ ಮೇಲಿಟ್ಟರೆ ಕೆಳಗಿನದು ಗೆಲ್ಲುತ್ತದೆ, ಏಕೆಂದರೆ ಅದಕ್ಕೆ ಬೀಳಲು ಈಗ ಹೊತ್ತು ಸಿಕ್ಕಿತು.

ಬಣ್ಣ ಕೇಳಿದರೆ ಬೀಟ್‌ರೂಟ್ ತುರಿದು ಹಿಂಡಿದ ನೀರು ಸಾಕು. ಓಕುಳಿಯ ಕೆಂಪು ಅರಿಸಿನಕ್ಕೆ ಸುಣ್ಣ ಬೆರೆಸಿ ಬರುವಂಥದ್ದು. ಸುಣ್ಣದ ನೀರು ಕಣ್ಣಿಗೆ ಹೋದರೆ ಸುಡುತ್ತದೆ, ಪುಟ್ಟ ಮಕ್ಕಳ ಪಿಚಕಾರಿಗೆ ಅದು ಸಲ್ಲ.

ಮೂರು ವರ್ಷದೊಳಗಿನವರಿಗೆ

ಇವರಿಗೆ ಕೂರಲು ನೀರು ಬೇಕು. ನಾಲ್ಕಡಿ ಚೌಕಕ್ಕೆ ಇಟ್ಟಿಗೆಗಳನ್ನು ಮಲಗಿಸಿ ಒಂದೇ ವರಸೆ ಇಟ್ಟು, ಒಳಗೆ ಹಳೆಯ ಕಂಬಳಿಯೋ ಗೋಣಿಚೀಲವೋ ಹಾಸಿ, ಮೇಲೆ ಆರಡಿ ಚೌಕದ ತಾಡಪಾಲು ಹೊದಿಸಿ ಅಂಚನ್ನು ಇಟ್ಟಿಗೆಯ ಹೊರಕ್ಕೆ ಮಡಿಚಿ. 6 ಸೆಂ.ಮೀ. ನೀರು ನಿಲ್ಲುತ್ತದೆ, 85 ಲೀಟರ್, ಆರು ಕೊಡಕ್ಕೆ ಸ್ವಲ್ಪ ಕಡಿಮೆ. ಇಟ್ಟಿಗೆಯ ಮೂಲೆಗಳಿಗೂ ಗೋಣಿ ಸುತ್ತಿ. ಎರಡನೇ ವರಸೆ ಏರಿಸುವ ಆಸೆ ಬೇಡ.

ಆರು ಸೆಂ.ಮೀ. ಎಂದು ಬಿಟ್ಟು ಒಳಗೆ ಹೋಗುವಂತಿಲ್ಲ. ಕವುಚಿ ಬಿದ್ದ ಕೂಸಿಗೆ ಮೂಗು, ಬಾಯಿ ಮುಚ್ಚುವಷ್ಟು ನೀರು ಸಾಕು, ಮುಳುಗುವಾಗ ಸದ್ದೂ ಆಗುವುದಿಲ್ಲ. ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಕೂತಿರಬೇಕು, ಅಕ್ಕನಿಗೋ ಅಣ್ಣನಿಗೋ ವಹಿಸಿದ್ದು ಲೆಕ್ಕಕ್ಕಿಲ್ಲ. ಫೋನು ಬಂದರೆ ಕೂಸನ್ನು ಎತ್ತಿಕೊಂಡೇ ಏಳಿ. ಆಟ ಶುರುವಾಗುವ ಮೊದಲು ಸಂಪಿನ ಮುಚ್ಚಳಕ್ಕೆ ಬೀಗ, ನೀರಿನ ಡ್ರಮ್ಮಿಗೆ ಮುಚ್ಚಳ ಮತ್ತು ಮೇಲೊಂದು ಕಲ್ಲು. ಅರ್ಧ ತುಂಬಿದ ಬಕೆಟ್ಟೂ ಇದೇ ಸಾಲಿಗೆ ಸೇರುತ್ತದೆ. ಬಗ್ಗಿದ ಕೂಸಿಗೆ ತಲೆ ಭಾರ, ಮೇಲೇಳಲು ಬರುವುದಿಲ್ಲ. ನೀಲಿ ಡ್ರಮ್ಮು ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತೆಂದು ಗೊತ್ತಾಗದಿದ್ದರೆ ಬಿಟ್ಟುಬಿಡಿ. ಹೊರಗಿನ ವಾಷಿಂಗ್ ಮಷೀನು, ಮೋಟಾರಿನ ಸ್ವಿಚ್ ಎಲ್ಲ ಮೇನ್‌ನಲ್ಲೇ ಆರಿಸಿರಲಿ.

ಆಟ ಮುಗಿದ ಮೇಲೆ

ತಾಡಪಾಲಿನ ಒಂದು ಬದಿಯ ಇಟ್ಟಿಗೆ ತೆಗೆದರೆ ನೀರು ಕಾಲುವೆಗೆ ಬಿದ್ದು ಪಾತಿಗೆ ಹೋಗುತ್ತದೆ. ನಾಳೆಗೆ ಇರಲಿ ಎಂದು ಉಳಿಸಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನದಲ್ಲಿ ಮರಿ ರೆಕ್ಕೆ ಬಿಚ್ಚುತ್ತದೆ. ಚಕ್ರದ ಲೋಟ, ಬಾಟಲಿಯ ತಳ ಎಲ್ಲ ಬೋರಲು ಹಾಕಿ. ಒದ್ದೆ ತಾಡಪಾಲನ್ನು ನೆಲದ ಮೇಲೆ ಮಡಿಚಿಟ್ಟರೆ ಬೇಸಿಗೆಯಲ್ಲಿ ತಂಪು ಹುಡುಕುವ ಚೇಳಿಗೂ ಕಪ್ಪೆಗೂ, ಕಪ್ಪೆ ಹುಡುಕುವ ಹಾವಿಗೂ ಮನೆಯಾಗುತ್ತದೆ. ತಂತಿಯ ಮೇಲೆ ಒಣಗಹಾಕಿ. ಮರುದಿನ ಬಳಸುವ ಮೊದಲು ದೂರದಿಂದ ಕೋಲಿನಲ್ಲಿ ಕೊಡವಿ.

ದಂಬೆಗಳನ್ನು ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಕಾರಂಜಿಯ ಪೈಪನ್ನು ಬಿಚ್ಚಿ, ನೀರು ಬಸಿದು, ಪ್ರತಿ ತುಂಡಿನ ಎರಡೂ ಬಾಯಿಗೆ ಬಟ್ಟೆ ತುರುಕಿ ತೂಗುಹಾಕಿ. ತೆರೆದ ಬಾಯಿ ಸಿಕ್ಕರೆ ಕಣಜ ಒಳಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ, ಮುಂದಿನ ಬಾರಿ ನೀರು ಬಿಟ್ಟಾಗ ಆ ಮಣ್ಣೆಲ್ಲ ಕರಗಿ ಹತ್ತೊಂಬತ್ತು ತೂತಿಗೂ ಕೂರುತ್ತದೆ.